ಸಿಲಿಯಾ ಕಾಣ್ತಿಲ್ಲವೇ? ಐಎಫ್‌ಟಿ88 ಆ್ಯಂಟಿಬಾಡಿಯ ಮೇಲೆ ತಪ್ಪು ಹೊರಿಸುವ ಮುನ್ನ

ಕೊಡಗಿನ ಕಕ್ಕಡ ತಿಂಗಳು, ಜುಲೈ–ಆಗಸ್ಟ್ ಹೊತ್ತು. ಹೊರಗೆ ಮಡಿಕೇರಿಯ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಮೈಕ್ರೋಸ್ಕೋಪ್ ಕೋಣೆಯಿಂದ ನಮ್ಮ ಲ್ಯಾಬಿನ ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ಬಂದಳು.

"ಅಕ್ಕಾ, ಆ್ಯಂಟಿಬಾಡಿ ಹೋಯ್ತು ಅನ್ಸುತ್ತೆ. ಏನೂ ಕಾಣ್ತಿಲ್ಲ."

"ಹೋಗಿದ್ದು ಆ್ಯಂಟಿಬಾಡಿನೇ ಅಂತ ಹೇಗೆ ಗೊತ್ತು?"

ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಸಂಜೆ ಹೊತ್ತಿಗೆ ಸಂಗತಿ ಹೊರಬಿತ್ತು. ಕೋಶಗಳಿಗೆ ಸೀರಂ (ಬೆಳೆಯಲು ಕೊಡುವ ರಕ್ತದ ತಿಳಿ) ನಿಲ್ಲಿಸುವುದನ್ನೇ ಮರೆತಿದ್ದಳು. ಕೋಶದ ಮೇಲೆ ಬರಬೇಕಾದ ಕೂದಲು, ಅಂದರೆ ಸಿಲಿಯಾ, ಹುಟ್ಟಿಯೇ ಇರಲಿಲ್ಲ. ಇಲ್ಲದ್ದನ್ನು ಪಾಪ ಆ್ಯಂಟಿಬಾಡಿ ಎಲ್ಲಿಂದ ತೋರಿಸಬೇಕು? ಹತ್ತಾರು ಸಾವಿರ ರೂಪಾಯಿಯ ಬಾಟಲಿ ಸ್ವಲ್ಪದರಲ್ಲಿ ಕಸದ ಡಬ್ಬಿ ಸೇರುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಆ್ಯಂಟಿಬಾಡಿಯನ್ನು ಕಟಕಟೆಗೆ ಏರಿಸುವುದು ಕೊನೆಗೆ.

ಹೊಸಬರಿಗಾಗಿ ನಾಲ್ಕು ಮಾತು. ಆ್ಯಂಟಿಬಾಡಿ ಅಂದರೆ ಬೇಕಾದ ಒಂದು ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್. ನಮ್ಮ ಮೈಯ ಬಹಳಷ್ಟು ಕೋಶಗಳ ಮೇಲೆ ಕೂದಲಿನಂಥ ಒಂದು ಸಿಲಿಯಂ ಇರುತ್ತದೆ (ಹಲವಿದ್ದರೆ ಸಿಲಿಯಾ). ಅದರೊಳಗೆ ಪ್ರೋಟೀನ್ ತಯಾರಾಗುವುದಿಲ್ಲ. ಬೇಕಾದ್ದೆಲ್ಲ ಕೋಶದಿಂದಲೇ ಸಾಗಬೇಕು. ಈ ಸಾಗಾಟವನ್ನು ಮೊದಲು ಕಂಡದ್ದು 1993ರಲ್ಲಿ, ಕ್ಲಾಮಿಡೋಮೋನಾಸ್ ಎಂಬ ಹಸಿರು ಪಾಚಿಯಲ್ಲಿ. ಬುಡದಿಂದ ತುದಿಗೆ ಎಳೆಯುವುದು ಕೈನೆಸಿನ್-2 ಎಂಬ ಮೋಟಾರ್ ಪ್ರೋಟೀನ್, ತುದಿಯಿಂದ ಬುಡಕ್ಕೆ ತರುವುದು ಡೈನೀನ್-2 ಎಂಬ ಇನ್ನೊಂದು. ಸಾಗುವ ಪ್ರೋಟೀನ್ ಸಾಲನ್ನು ಈ ಕ್ಷೇತ್ರದವರು ರೈಲು ಅಂತಲೇ ಕರೆಯುತ್ತಾರೆ. ಈ ಸಾಗಾಟಕ್ಕೆ ಇಂಗ್ಲಿಷಿನಲ್ಲಿ ಇಂಟ್ರಾಫ್ಲಾಜೆಲ್ಲರ್ ಟ್ರಾನ್ಸ್‌ಪೋರ್ಟ್, ಚಿಕ್ಕದಾಗಿ ಐಎಫ್‌ಟಿ. ಐಎಫ್‌ಟಿ88 ಎಂಬ ಪ್ರೋಟೀನ್ ಆ ರೈಲಿನ ಒಂದು ಬೋಗಿ. (ಕೊಡಗಿಗೆ ಇನ್ನೂ ರೈಲು ಬಂದಿಲ್ಲ. ನಮ್ಮ ಕೋಶಗಳಲ್ಲಿ ಓಡುತ್ತಿರುವುದೇ ಸಮಾಧಾನ.) ಇಲಿಯಲ್ಲಿ ಈ ಪ್ರೋಟೀನಿನ ಜೀನ್ ಕೆಟ್ಟರೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುತ್ತವೆ ಎಂಬ ನಂಟು 2000ದಲ್ಲಿ ಬೆಳಕಿಗೆ ಬಂತು. ಸಿಲಿಯಾ ಕಡೆಗೆ ವೈದ್ಯಲೋಕ ತಿರುಗಿ ನೋಡಿದ್ದಕ್ಕೆ ಅದೂ ಒಂದು ಕಾರಣ.

ನಾವು ಬಳಸುವುದು ಮೊಲದಲ್ಲಿ ಮಾಡಿದ ಐಎಫ್‌ಟಿ88 ಆ್ಯಂಟಿಬಾಡಿ. ಜೊತೆಗೆ ಸಿಲಿಯಂನ ಕಡ್ಡಿಯನ್ನು ತೋರಿಸಲು ಇಲಿಯ ಅಸಿಟೈಲೇಟೆಡ್ ಟ್ಯೂಬ್ಯುಲಿನ್ ಆ್ಯಂಟಿಬಾಡಿ, 6-11ಬಿ-1 ಎಂಬ ಕ್ಲೋನ್. ಮುಂದಿನದೆಲ್ಲ ಈ ಜೋಡಿಯನ್ನು ಇಟ್ಟುಕೊಂಡು ಬರೆದದ್ದು.

ಪೂರ್ತಿ ಕತ್ತಲು, ಏನೂ ಇಲ್ಲ

ಮೊದಲು ಡ್ಯಾಪಿ (ನ್ಯೂಕ್ಲಿಯಸ್‌ಗೆ ಹಾಕುವ ನೀಲಿ ಬಣ್ಣ) ನೋಡಿ. ನೀಲಿ ನ್ಯೂಕ್ಲಿಯಸ್ ಕೂಡ ಕಾಣದಿದ್ದರೆ ಆ್ಯಂಟಿಬಾಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಶಟರ್ ಮುಚ್ಚಿರಬಹುದು, ಫಿಲ್ಟರ್ ತಪ್ಪಿರಬಹುದು, ಕವರ್‌ಸ್ಲಿಪ್ (ಕೋಶಗಳು ಅಂಟಿರುವ ತೆಳು ಗಾಜು) ತಲೆಕೆಳಗಾಗಿರಬಹುದು. ಇವೆಲ್ಲ ಪುಕ್ಕಟೆ ಪರೀಕ್ಷೆಗಳು.

ದೀಪ ಮರ್ಕ್ಯುರಿಯದ್ದಾಗಿದ್ದರೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕರೆಂಟ್ ಹೋಗಿ ಎರಡೇ ನಿಮಿಷಕ್ಕೆ ಬರುತ್ತದೆ. ನೀವು ತಕ್ಷಣ ಸ್ವಿಚ್ ಒತ್ತುತ್ತೀರಿ. ಬಿಸಿ ದೀಪ ಹತ್ತುವುದಿಲ್ಲ, ಹತ್ತಿಸಲೂಬಾರದು. ಅರ್ಧ ಗಂಟೆ ಆರಲು ಬಿಡಿ, ಒಂದು ಕಾಫಿ ಕುಡಿದು ಬನ್ನಿ. ದೀಪ ಎಷ್ಟು ಗಂಟೆ ಉರಿದಿದೆ ಅನ್ನುವ ಲೆಕ್ಕ ಗೋಡೆಯ ಮೇಲಿರಲಿ. ಅವಧಿ ಮೀರಿದ ದೀಪ ಒಡೆಯಬಹುದು. ಒಡೆದರೆ ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ. ಪಾದರಸದ ಹಬೆ ಕಣ್ಣಿಗೆ ಕಾಣುವುದಿಲ್ಲ. ಗುಡಿಸುವುದು, ವ್ಯಾಕ್ಯೂಮ್ ಹಾಕುವುದು ಬೇಡವೇ ಬೇಡ. ಸುರಕ್ಷತೆ ನೋಡಿಕೊಳ್ಳುವವರನ್ನು ಕರೆಯಿರಿ.

ಡ್ಯಾಪಿ ಇದೆ, ಉಳಿದದ್ದಿಲ್ಲ ಅಂದರೆ ಟ್ಯೂಬ್ಯುಲಿನ್ ಚಾನೆಲ್‌ಗೆ, ಅಂದರೆ ಟ್ಯೂಬ್ಯುಲಿನ್ ಬಣ್ಣ ಮಾತ್ರ ಕಾಣುವ ಚಿತ್ರಕ್ಕೆ ಹೋಗಿ. ದಾರಿ ಕವಲೊಡೆಯುವುದು ಇಲ್ಲೇ.

ಟ್ಯೂಬ್ಯುಲಿನ್‌ನಲ್ಲೂ ಕಡ್ಡಿ ಕಾಣದಿದ್ದರೆ ಬಹುಶಃ ಸಿಲಿಯಾನೇ ಇಲ್ಲ. ಕೋಶ ವಿಭಜನೆ ನಿಲ್ಲಿಸಿ ವಿಶ್ರಾಂತಿಗೆ ಇಳಿದಾಗಲೇ ಹೆಚ್ಚಾಗಿ ಸಿಲಿಯಂ ಎದ್ದು ನಿಲ್ಲುವುದು. ಕಣ್ಣಿನ ರೆಟಿನಾದಿಂದ ಬಂದ ಆರ್‌ಪಿಇ-1 ಕೋಶಗಳಾದರೆ ತಟ್ಟೆ ತುಂಬುವಷ್ಟು ಬೆಳೆಸಿ, ನಂತರ 24ರಿಂದ 48 ಗಂಟೆ ಸೀರಂ ಇಲ್ಲದೆ ಇಡಬೇಕು. ವಿರಳವಾಗಿ ಬೆಳೆದ ತಟ್ಟೆಯಲ್ಲಿ ಸೀರಂ ನಿಲ್ಲಿಸಿದರೂ ಫಲ ಕಡಿಮೆ. ಹೀಲಾ ಎಂಬ ಕ್ಯಾನ್ಸರ್ ಕೋಶಗಳಲ್ಲಿ ಹುಡುಕುತ್ತಿದ್ದೀರಾ? ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ. ಅವು ಸಿಲಿಯಾ ಬೆಳೆಸುವುದು ತೀರಾ ಅಪರೂಪ. ಲೆನ್ಸ್ ಯಾವುದು ಅಂತಲೂ ನೋಡಿ. ಸಿಲಿಯಂ ಉದ್ದ ಕೆಲವೇ ಮೈಕ್ರಾನ್, ದಪ್ಪ ಒಂದು ಮೈಕ್ರಾನಿನ ಕಾಲು ಭಾಗ. 20 ಪಟ್ಟಿನ ಲೆನ್ಸಿನಲ್ಲಿ ಅದು ಧೂಳಿನ ಹಾಗೆ. ಎಣ್ಣೆ ಹಾಕುವ 60 ಅಥವಾ 63 ಪಟ್ಟಿನ ಲೆನ್ಸ್ ಬೇಕು. ಫೋಕಸ್ ಮೇಲೆ ಕೆಳಗೆ ಆಡಿಸಿ. ಕೆಲವು ಬಗೆಯ ಕೋಶಗಳಲ್ಲಿ ಸಿಲಿಯಂ ನೆತ್ತಿಯ ಮೇಲೆ ನೆಟ್ಟಗೆ ನಿಂತಿರುತ್ತದೆ. ಆಗ ಕಡ್ಡಿಯಲ್ಲ, ಬರೀ ಚುಕ್ಕೆ ಕಾಣುತ್ತದೆ.

ಟ್ಯೂಬ್ಯುಲಿನ್ ಕಡ್ಡಿ ಚೆನ್ನಾಗಿದೆ, ಐಎಫ್‌ಟಿ88 ಮಾತ್ರ ಇಲ್ಲ ಅಂದರೆ ಸೆಕೆಂಡರಿ ನೋಡಿ. ಪ್ರೋಟೀನಿಗೆ ಅಂಟುವ ಮೊದಲ ಆ್ಯಂಟಿಬಾಡಿ ಪ್ರೈಮರಿ, ಅದನ್ನು ಹಿಡಿದು ಹೊಳೆಯುವ ಎರಡನೆಯದು ಸೆಕೆಂಡರಿ. ಮೊಲದ ಪ್ರೈಮರಿಗೆ ಮೊಲವನ್ನು ಹಿಡಿಯುವ ಸೆಕೆಂಡರಿಯೇ ಬೇಕು. ಇದು ನಗುವ ವಿಷಯ ಅನಿಸಬಹುದು. ನಾನು ಪಿಎಚ್‌ಡಿ ಮಾಡುವಾಗ ಎರಡು ವಾರ ಇಲಿಯನ್ನು ಹಿಡಿಯುವ ಸೆಕೆಂಡರಿ ಹಾಕಿ ಅತ್ತಿದ್ದೇನೆ. ಸೆಕೆಂಡರಿಯ ಬಣ್ಣ ಸತ್ತಿದೆಯೇ ಅಂತ ತಿಳಿಯಲು, ನೀವು ಬಳಸುವ ಡೈಲ್ಯೂಷನ್ನಿನ (ಬಫರ್ ಬೆರೆಸಿ ತೆಳು ಮಾಡಿದ್ದರ) ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ. ಹೊಳೆಯಬೇಕು. ಹೊಳೆಯದಿದ್ದರೆ ಯಾರೋ ಬೆಳಕಿನಲ್ಲಿ ಬಿಟ್ಟಿದ್ದಾರೆ.

ಇನ್ನೊಂದು ಕಾರಣ ನಮ್ಮೂರಿನದೇ. ಪ್ರೋಟೋಕಾಲ್‌ನಲ್ಲಿ "ರೂಮ್ ಟೆಂಪರೇಚರ್‌ನಲ್ಲಿ 1 ಗಂಟೆ" ಅಂತಿರುತ್ತದೆ. ಯಾರ ರೂಮು? ಬರೆದವರ ಮನಸ್ಸಿನಲ್ಲಿದ್ದದ್ದು ಹೆಚ್ಚುಕಡಿಮೆ 25 ಡಿಗ್ರಿ. ಜುಲೈನಲ್ಲಿ ನಮ್ಮ ಬೆಂಚಿನ ಮೇಲಿನ ಥರ್ಮಾಮೀಟರ್ 20 ದಾಟುವುದೇ ಕಷ್ಟ. ಆ್ಯಂಟಿಬಾಡಿ ಅಂಟಿಕೊಳ್ಳುವುದು ನಿಧಾನವಾಗುತ್ತದೆ. ಹಾಗಾಗಿ ನಾವು ಪ್ರೈಮರಿಯನ್ನು 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಋತು ಯಾವುದಾದರೂ ಫಲ ಒಂದೇ.

ಇಷ್ಟಾದ ಮೇಲೆ ಫಿಕ್ಸೇಷನ್, ಅಂದರೆ ಕೋಶವನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವುದು. ಒಂದೇ ತಟ್ಟೆಯ ಎರಡು ಕವರ್‌ಸ್ಲಿಪ್ ತೆಗೆದುಕೊಳ್ಳಿ. ಒಂದಕ್ಕೆ ಮೈನಸ್ 20ರಲ್ಲಿಟ್ಟ ಮೆಥನಾಲ್ 10 ನಿಮಿಷ, ಇನ್ನೊಂದಕ್ಕೆ 4% ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್) 10 ನಿಮಿಷ. ಪಿಎಫ್‌ಎ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಆ್ಯಂಟಿಬಾಡಿ ಹಿಡಿಯಬೇಕಾದ ತುಣುಕು ಆ ಹೆಣಿಗೆಯಲ್ಲಿ ಮುಚ್ಚಿಹೋಗಬಹುದು. ನಮ್ಮ ಬಾಟಲಿ ಮೆಥನಾಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮದು ಹಾಗೇ ಇರಬೇಕೆಂದಿಲ್ಲ. ಪಿಎಫ್‌ಎ ಬಳಸಿದರೆ ಟ್ರೈಟಾನ್ ಎಂಬ ಸೋಪಿನಂಥ ದ್ರವ ಹಾಕಿ ಕೋಶದ ಪೊರೆಯಲ್ಲಿ ತೂತು ಮಾಡುವುದನ್ನು ಮರೆಯಬೇಡಿ. ಮೆಥನಾಲ್, ಪಿಎಫ್‌ಎ ಎರಡನ್ನೂ ಫ್ಯೂಮ್ ಹುಡ್‌ನಲ್ಲೇ (ಹಬೆಯನ್ನು ಹೊರಗೆ ಎಳೆಯುವ ಗೂಡು) ಬಳಸಿ. ಚಳಿ ಅಂತ ಹುಡ್ ಆರಿಸಿ, ಕಿಟಕಿ ಮುಚ್ಚಿ ಕೂರುವವರಿದ್ದಾರೆ. ಪಿಎಫ್‌ಎಯಿಂದ ಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ರೂಮ್ ಹೀಟರ್ ಪಕ್ಕದಲ್ಲಿ ಮೆಥನಾಲ್ ಬಾಟಲಿ ಇಟ್ಟಿದ್ದನ್ನು ಕಂಡು ನನಗೆ ಒಮ್ಮೆ ಜೀವ ಹೋಗಿ ಬಂದಿತ್ತು.

ಬುಡದಲ್ಲಿ ಚುಕ್ಕೆ ಇದೆ, ಬಾಲ ಇಲ್ಲ

ಇದನ್ನು ದೋಷ ಅಂದುಕೊಳ್ಳುವವರೇ ಜಾಸ್ತಿ. ಹಲವು ಸಲ ಇದು ದೋಷವೇ ಅಲ್ಲ. ಐಎಫ್‌ಟಿ88 ಸಿಲಿಯಂನ ಬುಡದಲ್ಲಿ ಗುಂಪುಗೂಡಿರುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳು ನಿಂತ ಹಾಗೆ. ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಚುಕ್ಕೆ, ತುದಿಯಲ್ಲಿ ಇನ್ನೊಂದಿಷ್ಟು. ಟ್ಯೂಬ್ಯುಲಿನ್‌ನಂತೆ ಪೂರ್ತಿ ಕಡ್ಡಿ ಹೊಳೆಯಬೇಕು ಅಂತ ಕಾದರೆ ನಿರಾಸೆಯೇ ಗತಿ.

ಸಿಲಿಯಾ ಇಲ್ಲದ ಕೋಶದಲ್ಲೂ ಸೆಂಟ್ರೋಸೋಮ್‌ನಲ್ಲಿ (ಸಿಲಿಯಂ ಬೇರೂರುವ ಜಾಗ) ಚುಕ್ಕೆ ಇರುತ್ತದೆ. ಆದ್ದರಿಂದ ಬರೀ ಚುಕ್ಕೆ ಕಂಡರೆ ಆ್ಯಂಟಿಬಾಡಿ ಬದುಕಿದೆ ಅಂತಲೇ ಲೆಕ್ಕ. ಸಿಲಿಯಾ ಇದೆಯೋ ಇಲ್ಲವೋ ಎಂಬುದನ್ನು ಟ್ಯೂಬ್ಯುಲಿನ್ ಚಾನೆಲ್ ಹೇಳಬೇಕು. ಚುಕ್ಕೆ ನಿಜಕ್ಕೂ ಬುಡದ್ದೇ ಎಂಬ ಖಾತ್ರಿ ಬೇಕಿದ್ದರೆ ಸೆಂಟ್ರೋಸೋಮ್ ತೋರಿಸುವ ಗ್ಯಾಮಾ ಟ್ಯೂಬ್ಯುಲಿನ್ ಜೊತೆ ನೋಡಿ. ಎರಡು ಟ್ಯೂಬ್ಯುಲಿನ್ ಆ್ಯಂಟಿಬಾಡಿಗಳೂ ಇಲಿಯವಾದರೆ ಸಾಮಾನ್ಯ ಸೆಕೆಂಡರಿ ಎರಡನ್ನೂ ಹಿಡಿದು ಗೋಜಲು ಮಾಡುತ್ತದೆ. 6-11ಬಿ-1 ಐಜಿಜಿ2ಬಿ ಬಗೆಯದು, ಜಿಟಿಯು-88 ಎಂಬ ಗ್ಯಾಮಾ ಕ್ಲೋನ್ ಐಜಿಜಿ1. ಆಯಾ ಬಗೆಯನ್ನೇ ಹಿಡಿಯುವ ಸೆಕೆಂಡರಿ ಕೊಂಡರೆ ಮೂರನ್ನೂ ಒಂದೇ ಸ್ಲೈಡಿನಲ್ಲಿ ನೋಡಬಹುದು.

ತುದಿ ಉಬ್ಬಿಕೊಂಡು ಅಲ್ಲೇ ಐಎಫ್‌ಟಿ88 ತುಂಬಿದ್ದರೆ ನಿಲ್ಲಿ. ಅದು ಬಣ್ಣ ಹಾಕಿದ್ದರ ತಪ್ಪಲ್ಲದೆ ಇರಬಹುದು. ವಾಪಸ್ ಬರುವ ಸಾಗಾಟ ಕೆಟ್ಟಾಗ ಹೀಗಾಗುತ್ತದೆ. ಸಾಮಾನ್ಯ ಕೋಶಗಳನ್ನು ಅದೇ ದಿನ, ಅದೇ ಟ್ಯೂಬಿನಿಂದ ಬಣ್ಣ ಹಾಕಿ ಹೋಲಿಸಿ. ಅವುಗಳಲ್ಲಿ ಇಲ್ಲ, ಇವುಗಳಲ್ಲಿ ಇದೆ ಅಂದರೆ ನಿಮ್ಮ ಕೈಯಲ್ಲಿರುವುದು ದೋಷವಲ್ಲ, ಫಲಿತಾಂಶ.

ಕೋಶವೆಲ್ಲ ಹೊಳೆಯುತ್ತಿದೆ

ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ತಿಂದ ನಂತರ ಮೂತ್ರ ಕೆಂಪಾದರೆ ಕೊಡಗಿನವರು ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಬಣ್ಣ ಎಲ್ಲಿಂದ ಬಂತು ಅಂತ ಗೊತ್ತು. ಹೊರಗಿನಿಂದ ಬಂದವರು ಮಾತ್ರ ಗಾಬರಿಯಾಗುತ್ತಾರೆ. ಸ್ಲೈಡಿನಲ್ಲೂ ಕೇಳಬೇಕಾದ್ದು ಅದೇ: ಈ ಬಣ್ಣ ಯಾರದ್ದು?

ಅದಕ್ಕೆ ಮೂರು ಸ್ಲೈಡ್ ಸಾಕು. ಒಂದಕ್ಕೆ ಏನೂ ಹಾಕಬೇಡಿ. ಇನ್ನೊಂದಕ್ಕೆ ಸೆಕೆಂಡರಿ ಮಾತ್ರ. ಮೂರನೆಯದಕ್ಕೆ ಎರಡೂ. ಏನೂ ಹಾಕದ್ದು ಹೊಳೆದರೆ ಅದು ಕೋಶದ ಸ್ವಂತ ಹೊಳಪು, ಇಲ್ಲವೇ ಪಿಎಫ್‌ಎ ತಂದದ್ದು. 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡಿನಲ್ಲಿ 10 ನಿಮಿಷ ತೊಳೆದರೆ ಎರಡನೆಯದು ತಗ್ಗುತ್ತದೆ. ಸೆಕೆಂಡರಿ ಮಾತ್ರ ಹಾಕಿದ್ದು ಹೊಳೆದರೆ ಬ್ಲಾಕಿಂಗ್ (ಬೇಡದ ಕಡೆ ಅಂಟದಂತೆ ಮೊದಲೇ ಮುಚ್ಚುವುದು) ಸಾಲದು. ಸೆಕೆಂಡರಿ ಮೇಕೆಯದ್ದಾದರೆ ಮೇಕೆಯ ಸೀರಂ 5% ಹಾಕಿ. ಮೊಲದ ಸೀರಂ ಹಾಕಿಬಿಟ್ಟರೆ ಸೆಕೆಂಡರಿ ಅದನ್ನೇ ಹಿಡಿದು ಇಡೀ ಸ್ಲೈಡನ್ನು ದೀಪಾವಳಿ ಮಾಡುತ್ತದೆ.

ಎರಡೂ ಹಾಕಿದಾಗ ಮಾತ್ರ ಹೊಳೆದರೆ ಪ್ರೈಮರಿ ಜಾಸ್ತಿಯಾಗಿದೆ. 1:100, 1:200, 1:500, 1:1000 ಅಂತ ನಾಲ್ಕು ಹೆಜ್ಜೆ ಮಾಡಿ. ಜಾಸ್ತಿ ಹಾಕಿದರೆ ಜಾಸ್ತಿ ಕಾಣುತ್ತದೆ ಎಂಬ ನಂಬಿಕೆ ಸಾರಿಗೆ ಖಾರ ಹಾಕಿದ ಹಾಗೆ. ಒಂದು ಹಂತ ದಾಟಿದರೆ ಖಾರ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಟ್ಯೂಬ್ಯುಲಿನ್ ಚಾನೆಲ್‌ನಲ್ಲಿ ಕೋಶದ ತುಂಬ ಎಳೆಗಳು ಕಂಡರೆ, ಫಿಕ್ಸ್ ಮಾಡುವ ಮುನ್ನ ತಟ್ಟೆಯನ್ನು 20 ನಿಮಿಷ ಐಸ್ ಮೇಲಿಡಿ. ಚಳಿಗೆ ಕೋಶದೊಳಗಿನ ಎಳೆಗಳು ಬಹುಪಾಲು ಕರಗುತ್ತವೆ. ಸಿಲಿಯಂ ಗಟ್ಟಿ, ಉಳಿಯುತ್ತದೆ. ಇನ್ನು ಎರಡು ಕೋಶಗಳ ನಡುವೆ ಸೇತುವೆಯಂತೆ ಕಡ್ಡಿ ಕಂಡರೆ ಅದನ್ನು ಸಿಲಿಯಂ ಅಂತ ಎಣಿಸಬೇಡಿ. ವಿಭಜನೆ ಮುಗಿಸುತ್ತಿರುವ ಕೋಶಗಳ ನಡುವಿನ ಕೊಂಡಿ ಅದು. ಅಸಿಟೈಲೇಟೆಡ್ ಟ್ಯೂಬ್ಯುಲಿನ್ ಅಲ್ಲೂ ತುಂಬಿರುತ್ತದೆ.

ಪುಡಿ ಚೆಲ್ಲಿದಂತೆ ಚುಕ್ಕೆಗಳು

ಕೋಶದ ಹೊರಗೂ ಚುಕ್ಕೆ ಇದೆಯೇ? ಹಾಗಾದರೆ ಅದು ಗಂಟುಕಟ್ಟಿದ ಆ್ಯಂಟಿಬಾಡಿ. ಬಳಸುವ ಮುನ್ನ ತಣ್ಣನೆ ಸೆಂಟ್ರಿಫ್ಯೂಜಿನಲ್ಲಿ 10,000 ಜಿ ವೇಗಕ್ಕೆ 5 ನಿಮಿಷ ತಿರುಗಿಸಿ, ಮೇಲಿನ ದ್ರವವನ್ನಷ್ಟೇ ತೆಗೆದುಕೊಳ್ಳಿ. ಬಫರಿನಲ್ಲಿ ಬೂಷ್ಟು ಬಂದಿದೆಯೇ ಅಂತಲೂ ಬೆಳಕಿಗೆ ಹಿಡಿದು ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಬಿಎಸ್‌ಎ ಎಂಬ ಪ್ರೋಟೀನ್ ಹಾಕಿದ ಬಫರ್ ಯಾವ ಲೆಕ್ಕ.

ಚಿತ್ರ ಮಂಜು ಕವಿದ ಹಾಗಿದೆ

ಬೇರೆಯವರ ಹಳೆಯ, ಒಳ್ಳೆಯ ಸ್ಲೈಡನ್ನು ಇಟ್ಟು ನೋಡಿ. ಅದೂ ಮಸುಕಾಗಿದ್ದರೆ ತಪ್ಪು ಲೆನ್ಸಿನದು. ಒಣ ಲೆನ್ಸಿಗೆ ಎಣ್ಣೆ ತಾಗಿರುವುದು ಎಲ್ಲಕ್ಕಿಂತ ಸಾಮಾನ್ಯ. ಲೆನ್ಸ್ ಪೇಪರಿಗೆ ಕಂಪನಿ ಹೇಳಿದ ದ್ರಾವಣ ಹಾಕಿ ಮೆಲ್ಲಗೆ ಒರೆಸಿ. ಅಂಗಿಯ ತುದಿ, ಟಿಶ್ಯೂ ಬೇಡ. ಕವರ್‌ಸ್ಲಿಪ್ ದಪ್ಪ 0.17 ಮಿಲಿಮೀಟರ್ ಇರಬೇಕು.

ಒರೆಸಿದರೂ ಹೋಗದ, ಜೇಡರ ಬಲೆಯಂಥ ಎಳೆ ಲೆನ್ಸಿನೊಳಗೆ ಕಂಡರೆ ಅದು ಫಂಗಸ್. ಇಲ್ಲಿಗೆ ನಿಲ್ಲಿಸಿ. ಲೆನ್ಸ್ ಬಿಚ್ಚಬೇಡಿ, ಸರ್ವೀಸ್ ಎಂಜಿನಿಯರನ್ನು ಕರೆಸಿ. ಉಳಿದ ಲೆನ್ಸುಗಳನ್ನು ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್ಲಿನ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆಯಾದರೂ ಈ ಕೆಲಸ ಇದ್ದೇ ಇರುತ್ತದೆ.

ಹೋದ ತಿಂಗಳು ಸರಿ ಇತ್ತು, ಈ ತಿಂಗಳು ಇಲ್ಲ

ಈಗ ಅನುಮಾನ ಬಾಟಲಿಯ ಹತ್ತಿರ ಬರುತ್ತಿದೆ. ಆದರೂ ಮೊದಲು ಫ್ರೀಜರ್ ನೋಡಿ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಮಂಗಳೂರು ರಸ್ತೆ ಮುಚ್ಚಿದ್ದು ನೆನಪಿದೆಯಲ್ವಾ? ಆ ದಿನಗಳಲ್ಲಿ ಆ್ಯಂಟಿಬಾಡಿ ಬಗ್ಗೆ ಯಾರಿಗೂ ಯೋಚನೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕರೆಂಟ್ ಬಂದ ಮೇಲೆ ಫ್ರೀಜರ್ ಡಿಸ್ಪ್ಲೇ ಮೈನಸ್ 20 ಅಂತ ಸಾಧುವಿನ ಹಾಗೆ ತೋರಿಸುತ್ತಿತ್ತು. ಮಧ್ಯೆ ಕರಗಿ ಮತ್ತೆ ಹೆಪ್ಪುಗಟ್ಟಿತ್ತೇ? ಹೇಳುವವರಿಲ್ಲ. ಆಮೇಲೆ ಈ ಉಪಾಯ ಕಲಿತೆವು. ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೊಂದು ರೂಪಾಯಿ ನಾಣ್ಯ ಇಡಿ. ಕರೆಂಟ್ ಹೋಗಿ ಬಂದ ಮೇಲೆ ನಾಣ್ಯ ಮೇಲೇ ಇದ್ದರೆ ಸರಿ. ಮಧ್ಯಕ್ಕೆ ಇಳಿದಿದ್ದರೆ ಅರ್ಧ ಕರಗಿತ್ತು. ತಳ ಸೇರಿದ್ದರೆ ಪೂರ್ತಿ ಕರಗಿತ್ತು. ಕರೆಂಟ್ ಇಲ್ಲದಾಗ ಬಾಗಿಲು ತೆಗೆದು ತೆಗೆದು ನೋಡಬೇಡಿ.

ನಾಣ್ಯ ಮುಳುಗಿದ ಮಾತ್ರಕ್ಕೆ ಆ್ಯಂಟಿಬಾಡಿ ಹಾಳಾಯಿತು ಅಂತಲ್ಲ. ಅರ್ಧದಷ್ಟು ಗ್ಲಿಸರಾಲ್ ಇರುವ ಬಾಟಲಿ ಮೈನಸ್ 20ರಲ್ಲಿ ಹೆಪ್ಪುಗಟ್ಟುವುದೇ ಇಲ್ಲ, ಆದ್ದರಿಂದ ಕರಗುವ ಪ್ರಶ್ನೆಯೂ ಇಲ್ಲ. ಗ್ಲಿಸರಾಲ್ ಇಲ್ಲದ್ದಕ್ಕೆ ಹೆಪ್ಪುಗಟ್ಟಿ ಕರಗುವ ಒಂದೊಂದು ಸುತ್ತೂ ಏಟು. ಬಂದ ದಿನವೇ 10 ಮೈಕ್ರೋಲೀಟರಿನ ಪಾಲು ಮಾಡಿ, ತಾರೀಖು ಬರೆದಿಡಿ. ತಾನೇ ಮಂಜು ಕರಗಿಸಿಕೊಳ್ಳುವ ಮನೆ ಬಳಕೆಯ ಫ್ರಿಜ್ ಬೇಡ. ಅದು ಆಗಾಗ ಬಿಸಿಯಾಗುತ್ತದೆ.

ಪಾರ್ಸೆಲ್ ಬಗ್ಗೆಯೂ ಒಂದು ಮಾತು. ಬೆಂಗಳೂರಿನಿಂದ ಹೊರಟ ಡಬ್ಬಿ ಕುಶಾಲನಗರ, ಆನೆಕಾಡು ದಾಟಿ ಇಲ್ಲಿ ಸೇರುವಾಗ ಜೆಲ್ ಪ್ಯಾಕ್ ನೀರಾಗಿದ್ದರೆ ಗಾಬರಿ ಬೇಡ. ಒಂದೆರಡು ದಿನ ತಂಪು ಕಡಿಮೆಯಾದರೆ ಹೆಚ್ಚಿನ ಆ್ಯಂಟಿಬಾಡಿಗಳು ತಡೆದುಕೊಳ್ಳುತ್ತವೆ. ಫೋಟೋ ತೆಗೆದಿಡಿ. ಹಳೆಯ ಪಾಲು ಉಳಿದಿದ್ದರೆ ಎರಡನ್ನೂ ಅಕ್ಕಪಕ್ಕ ಹಾಕಿ ನೋಡಿ. ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಸಂಖ್ಯೆ) ಬದಲಾಗಿದ್ದರೂ ಇದೇ ಪರೀಕ್ಷೆ. ಪಾಲಿಕ್ಲೋನಲ್ (ಮೊಲದ ರಕ್ತದಿಂದ ತೆಗೆದ ಹಲವು ಆ್ಯಂಟಿಬಾಡಿಗಳ ಮಿಶ್ರಣ) ಆದರೆ ಬೇರೆ ಲಾಟ್ ಅಂದರೆ ಬೇರೆ ಮೊಲ ಇರಬಹುದು, ಹಳೆಯ ಡೈಲ್ಯೂಷನ್ ನಡೆಯಲಿಕ್ಕಿಲ್ಲ.

ಬ್ಲಾಟ್‌ನಲ್ಲಿ ಬ್ಯಾಂಡ್ ಇಲ್ಲ, ಇದ್ದರೂ ಬೇರೆಲ್ಲೋ ಇದೆ

ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಹಾಳೆಯಂಥ ಪೊರೆಗೆ ದಾಟಿಸಿ, ಆ್ಯಂಟಿಬಾಡಿಯಿಂದ ಹುಡುಕುವ ಪರೀಕ್ಷೆ. ಸಿಗುವ ಗೆರೆಯೇ ಬ್ಯಾಂಡ್. ಹೆಸರಿನ 88 ನೋಡಿ ಮೋಸಹೋಗಬೇಡಿ. ಅದು ಕ್ಲಾಮಿಡೋಮೋನಾಸ್ ಪ್ರೋಟೀನ್ ಜೆಲ್ಲಿನಲ್ಲಿ ಓಡಿದ ಜಾಗದಿಂದ ಬಂದ ಹೆಸರು. ಮನುಷ್ಯನದು ಸುಮಾರು 94 ಕಿಲೋಡಾಲ್ಟನ್. 90ರಿಂದ 95ರ ಆಸುಪಾಸು ಹುಡುಕಿ.

ಏನೂ ಇಲ್ಲದಿದ್ದರೆ ಎಲ್ಲ ಪ್ರೋಟೀನನ್ನೂ ಕೆಂಪಾಗಿ ತೋರಿಸುವ ಪೊನ್ಸೋ ಬಣ್ಣ ಹಾಕಿ. ಪೊರೆಯ ಮೇಲೆ ಪ್ರೋಟೀನೇ ಬಂದಿಲ್ಲದಿದ್ದರೆ ಟ್ರಾನ್ಸ್‌ಫರ್ ತಪ್ಪಿದೆ. ಪಿವಿಡಿಎಫ್ ಪೊರೆಯನ್ನು ಮೊದಲು ಮೆಥನಾಲ್‌ನಲ್ಲಿ ನೆನೆಸಿದ್ದಿರಾ? ಬಫರಿನಲ್ಲಿ ಸೋಡಿಯಂ ಅಜೈಡ್ ಇದ್ದರೆ ಸೆಕೆಂಡರಿಗೆ ಅಂಟಿಸಿದ, ಬ್ಯಾಂಡ್ ಬೆಳಗಿಸುವ ಎಚ್‌ಆರ್‌ಪಿ ಕಿಣ್ವ ನಿಂತುಹೋಗುತ್ತದೆ. ಬೂಷ್ಟು ತಡೆಯಲು ಹಾಕಿದ ಅಜೈಡ್ ಬ್ಲಾಟನ್ನೇ ಕೊಂದ ಉದಾಹರಣೆ ನಮ್ಮಲ್ಲೇ ಇದೆ. ಅಜೈಡ್ ಕಡು ವಿಷ. ಸಿಂಕಿಗೆ ಸುರಿಯಬೇಡಿ. ತಾಮ್ರ, ಸೀಸದ ಪೈಪಿನಲ್ಲಿ ಅದು ಸ್ಫೋಟಕವಾಗಿ ಕೂರುತ್ತದೆ.

ಬ್ಯಾಂಡ್ ಜಾಗದಲ್ಲಿ ಬಿಳಿ ಗೆರೆ ಕಂಡರೆ ಸಿಗ್ನಲ್ ಇಲ್ಲ ಅಂತಲ್ಲ, ಅತಿಯಾಗಿದೆ. ಸೆಕೆಂಡರಿ ಕಡಿಮೆ ಮಾಡಿ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬ್ಯಾಂಡ್ ಬಂದರೆ ಪ್ರೋಟೀನ್ ಮುರಿದಿದೆ. ಪ್ರೋಟಿಯೇಸ್ ತಡೆ ಮಾತ್ರೆ ಹಾಕಿ, ಐಸಿನ ಮೇಲೇ ಕೆಲಸ ಮಾಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ನೀರು 96 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಸ್ಯಾಂಪಲ್ ಕಾಯಿಸಲು ಅಷ್ಟು ಸಾಕು, ಅದರ ಮೇಲೆ ತಪ್ಪು ಹಾಕಬೇಡಿ.

ಎಲ್ಲಾ ಆಯ್ತು, ಇನ್ನೂ ನಂಬಿಕೆ ಬರುತ್ತಿಲ್ಲ

ಉಳಿದದ್ದು ದುಬಾರಿ ಪರೀಕ್ಷೆ. ಪ್ರೋಟೀನನ್ನೇ ತೆಗೆದು ನೋಡುವುದು. ಜೀನಿನ ಸಂದೇಶವನ್ನು ಅಳಿಸುವ ಎಸ್‌ಐಆರ್‌ಎನ್‌ಎ ಹಾಕಿ ಕಡಿಮೆ ಮಾಡಿ, ಇಲ್ಲವೇ ಜೀನ್ ತೆಗೆದ ಕೋಶಗಳನ್ನು ಪರಿಚಯದ ಲ್ಯಾಬಿನಿಂದ ಕೇಳಿ ತರಿಸಿ.

ಇಲ್ಲೊಂದು ಹಳ್ಳ ಇದೆ, ಬಲ್ಲವರೂ ಬೀಳುತ್ತಾರೆ. ಐಎಫ್‌ಟಿ88 ಇಲ್ಲದ ಕೋಶದಲ್ಲಿ ಸಿಲಿಯಂ ಬೆಳೆಯುವುದೇ ಇಲ್ಲ. ಹಾಗಾಗಿ "ಸಿಲಿಯಾದ ಹೊಳಪು ಮಾಯವಾಯಿತು, ಆ್ಯಂಟಿಬಾಡಿ ಸಾಚಾ" ಅಂತ ಹೇಳುವಂತಿಲ್ಲ. ಸಿಲಿಯಾದಲ್ಲಿರುವ ಬೇರೆ ಯಾವುದನ್ನೋ ಹಿಡಿಯುವ ಕೆಟ್ಟ ಆ್ಯಂಟಿಬಾಡಿಯೂ ಅಲ್ಲಿ ಮಾಯವೇ ಆಗುತ್ತಿತ್ತು! ನೋಡಬೇಕಾದ್ದು ಸೆಂಟ್ರೋಸೋಮ್ ಚುಕ್ಕೆಯನ್ನು ಮತ್ತು ಬ್ಲಾಟ್‌ನ 94ರ ಬ್ಯಾಂಡನ್ನು. ಸೆಂಟ್ರೋಸೋಮ್ ಉಳಿದಿರುತ್ತದೆ, ಅದರ ಮೇಲಿನ ಐಎಫ್‌ಟಿ88 ಮಾತ್ರ ಹೋಗಬೇಕು. ಎರಡೂ ಹೋದರೆ ಬಾಟಲಿ ಒಳ್ಳೆಯದು. ಪ್ರೋಟೀನ್ ಪೂರ್ತಿ ತೆಗೆದ ಕೋಶದಲ್ಲೂ ಎರಡೂ ಹಾಗೇ ಇದ್ದರೆ, ಹೌದು, ಈಗ ಆ್ಯಂಟಿಬಾಡಿಯನ್ನೇ ಅನುಮಾನಿಸಿ. ಹೊಸ ಪ್ರಯೋಗ ಶುರುಮಾಡಬೇಡಿ, ಹಳೆಯ ಚಿತ್ರಗಳನ್ನೂ ಪಕ್ಕಕ್ಕಿಡಿ.

ಯಾರದೋ ಮೂಗಿನಿಂದ ತೆಗೆದ ಕೋಶಗಳಲ್ಲಿ ಹೊಳಪು ಕಡಿಮೆ ಕಂಡಿತು ಅಂತ ಅವರಿಗೆ ಕಾಯಿಲೆ ಇದೆ ಎನ್ನಲು ಹೋಗಬೇಡಿ. ಸಂಶೋಧನೆಗೆ ಮಾತ್ರ ಅಂತ ಬಾಟಲಿಯ ಮೇಲೇ ಬರೆದಿರುತ್ತದೆ. ಅಂಥ ಅನುಮಾನ ಬಂದರೆ ತಜ್ಞ ವೈದ್ಯರಿಗೆ ಬಿಡಿ.

ಕಂಪನಿಗೆ ಬರೆಯುವಾಗ ಸಿಟ್ಟು ಬೇಡ, ವಿವರ ಬೇಕು. ಲಾಟ್ ನಂಬರ್, ಬಂದ ತಾರೀಖು, ಕೋಶದ ಹೆಸರು, ಫಿಕ್ಸೇಷನ್, ಡೈಲ್ಯೂಷನ್, ಮೂರೂ ಸ್ಲೈಡಿನ ಚಿತ್ರ ಒಂದೇ ಎಕ್ಸ್‌ಪೋಷರಿನಲ್ಲಿ, ಬ್ಲಾಟ್ ಕತ್ತರಿಸದೆ ಪೂರ್ತಿ. ಫ್ರೀಜರಿನ ನಾಣ್ಯ ಮುಳುಗಿದ್ದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟು ಬದಲಿ ಬಾಟಲಿ ತರಿಸಿಕೊಂಡರೆ, ಅದೂ ಹೋಗಿ ಕೂರುವುದು ಅದೇ ಫ್ರೀಜರಿನಲ್ಲೇ.